ಅರ್ಧ ಗಾಜಿನ ಎಣ್ಣೆ

ಏಳನೆಯ ಪ್ರಶ್ನೆಯ ಮುಂದೆ ಬಿಟ್ಟಿದ್ದ ಜಾಗ ಎರಡು ಬೆರಳಗಲವೂ ಇರಲಿಲ್ಲ. ಆದರೆ ಬುಕ್ಕಾಂಬುಧಿಯ ಬಸ್ಸಿನಲ್ಲಿ ಕೂತಿದ್ದ ಸುಮನಾಗೆ ಅದರೊಳಗೆ ತಾನು ಕಾಲು ಚಾಚಿ ಮಲಗಬಹುದು ಅನ್ನಿಸುತ್ತಿತ್ತು. ಅಪಘಾತದ ವರದಿಯ ಕಾಗದ, ಒಟ್ಟು ಹನ್ನೊಂದು ಪ್ರಶ್ನೆಗಳು. ಹತ್ತಕ್ಕೆ ಮ್ಯಾನೇಜರ್ ವಿಶ್ವನಾಥ್ ಆಗಲೇ ನೀಲಿ ಶಾಯಿಯಲ್ಲಿ ದುಂಡಗೆ ಉತ್ತರ ಬರೆದಿದ್ದರು. ಕಂಪ್ರೆಸರ್ ಯಾವ ವರ್ಷದ್ದು, ಅಮೋನಿಯಾ ಎಷ್ಟು ತುಂಬಿತ್ತು, ಹಾಲು ಎಷ್ಟು ಲೀಟರ್ ಕೆಟ್ಟಿತು, ಎಣ್ಣೆಯ ಒತ್ತಡ ಇಳಿದರೆ ತಾನಾಗಿ ಮಷೀನು ನಿಲ್ಲಿಸುವ ಸ್ವಿಚ್ಚು ಸರಿಯಿತ್ತೇ? ಈ ಕೊನೆಯದಕ್ಕೆ 'ಇತ್ತು' ಎಂದು ಬರೆದು ಅಡಿಗೆರೆ ಎಳೆದಿದ್ದರು. ಆ ಸ್ವಿಚ್ಚು ಕೆಟ್ಟು ಎರಡು ವರ್ಷವಾಗಿತ್ತು, ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಅದಕ್ಕೆ ಕಣ್ಣು ಕಟ್ಟಿ ಇಟ್ಟಿದ್ದರು, ಅದು ಹಾಲು ತಂಪು ಮಾಡುವ ಚಿಲ್ಲಿಂಗ್ ಘಟಕದ ಗೇಟು ಕಾಯುವವನಿಗೂ ಗೊತ್ತಿತ್ತು. ಏಳನೆಯದನ್ನು ಮಾತ್ರ ಖಾಲಿ ಬಿಟ್ಟಿದ್ದರು. ಕೊನೆಯ ಸಲ ಎಣ್ಣೆಯ ಮಟ್ಟವನ್ನು ಕಣ್ಣಾರೆ ನೋಡಿದವರು ಯಾರು? "ಅದನ್ನ ಅವನ ಮುಂದೇನೇ ಕೂತು ತುಂಬು" ಎಂದಿದ್ದರು ವಿಶ್ವನಾಥ್, ಹೊಸ ಸ್ಟ್ಯಾಂಪ್ ಪ್ಯಾಡಿನ ಡಬ್ಬಿಯನ್ನು ಅವಳ ಕೈಗಿಡುತ್ತ. "ಓಬಳಪ್ಪ ಅಂತ ಬರಿ. ಕೆಳಗೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ. ಅವನು ನೋಡಿ ಹೇಳ್ದ, ನೀನು ಬರಕೊಂಡೆ, ಅಷ್ಟೇ ತಾನೇ ಆಗಿದ್ದು? ನಿಮ್ಮಪ್ಪ ನಾನು ಒಂದೇ ಮಠದ ಹಾಸ್ಟೆಲ್ಲಲ್ಲಿ ಒಂದೇ ತಟ್ಟೇಲಿ ಉಂಡೋರು ಕಣಮ್ಮ. ನಿನ್ನ ಹೆಸರು ಎಲ್ಲೂ ಬರದ ಹಂಗೆ ನಾ ನೋಡ್ಕೋತೀನಿ." ಅವಳು ತಲೆಯಾಡಿಸಿದ್ದಳು. ಆಡಿಸಿದ್ದು ಹೌದೆಂದೋ ಬೇಡವೆಂದೋ ಅವಳಿಗೇ ಗೊತ್ತಿರಲಿಲ್ಲ. ಅವರು ಹೌದೆಂದು ತೆಗೆದುಕೊಂಡರು.

ಬಸ್ಸು ಅಜ್ಜಂಪುರ ದಾಟಿ ಈರುಳ್ಳಿ ಹೊಲಗಳ ನಡುವೆ ಕುಲುಕುತ್ತ ಹೋಗುತ್ತಿತ್ತು. ಕಿತ್ತ ಈರುಳ್ಳಿಯನ್ನು ಗುಡ್ಡೆ ಹಾಕಿ ಮೇಲೆ ಸೋಗೆ ಮುಚ್ಚಿದ್ದರು, ಕಿಟಕಿಯಲ್ಲಿ ಅದರದೇ ಘಾಟು. ಯಾವ ಘಾಟು ಬಂದರೂ ಈಗೀಗ ಅವಳು ಮೂಗಿಗೆ ದುಪಟ್ಟಾ ಒತ್ತಿಕೊಳ್ಳುತ್ತಾಳೆ. ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಸೀದರೂ ಸಾಕು, ಕಂಪ್ರೆಸರ್ ಮುರಿದು ಅಮೋನಿಯಾ ಸೋರಿದ ಆ ಮಧ್ಯಾಹ್ನದ ಬಿಳಿ ಹೊಗೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಅದರೊಳಕ್ಕೆ ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು ನುಗ್ಗಿದ ಓಬಳಪ್ಪನ ಬೆನ್ನು. ವಾಲ್ವು ಮುಚ್ಚಿ ಹೊರಬರುವಾಗ ಟವೆಲ್ಲು ಜಾರಿತ್ತು. ಬಲಗಣ್ಣು ಈಗ ಬೇಯಿಸಿದ ಮೀನಿನ ಕಣ್ಣಿನ ಹಾಗಿದೆಯಂತೆ, ಎಡಗಣ್ಣಿಗೂ ಬರೀ ಮಸುಕಂತೆ. ನೋಡಿಬಂದ ಯಾರೋ ಟೀ ಕುಡಿಯುತ್ತ ಹೇಳಿದ್ದರು. ಐದು ವಾರವಾಯಿತು, ಅವಳು ಹೋಗಿರಲಿಲ್ಲ. ಮೊದಲು ಕಡೂರಿನ ಆಸ್ಪತ್ರೆಯಲ್ಲಿದ್ದಾರೆ ಎಂದುಕೊಂಡು ಹೋಗಲಿಲ್ಲ, ಆಮೇಲೆ ಮನೆಗೆ ಬಂದಿದ್ದಾರೆ, ಸುಧಾರಿಸಿಕೊಳ್ಳಲಿ ಎಂದುಕೊಂಡು ಹೋಗಲಿಲ್ಲ. ಈಗ ಹೋಗುತ್ತಿರುವುದು ಹೆಬ್ಬೆಟ್ಟಿಗೆ. ಮಡಿಲಲ್ಲಿದ್ದ ಬ್ಯಾಗಿನಲ್ಲಿ ಫೈಲು, ಸ್ಟ್ಯಾಂಪ್ ಪ್ಯಾಡು, ನಾಲ್ಕು ಸೇಬು, ಮತ್ತೆ ಯಾರೂ ತೆಗೆದುಕೊಂಡು ಹೋಗು ಎನ್ನದಿದ್ದರೂ ತಾನೇ ಎತ್ತಿಟ್ಟುಕೊಂಡ ಓಬಳಪ್ಪನ ಉದ್ದನೆಯ ಸ್ಕ್ರೂ ಡ್ರೈವರು. ಅದರ ಮರದ ಹಿಡಿ ಬ್ಯಾಗಿನ ಬಾಯಿಂದ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಅದನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಸೆರಗು ಹತ್ತಿರಕ್ಕೆಳೆದುಕೊಂಡು ಕೂತಳು.

ಸ್ಕ್ರೂ ಡ್ರೈವರಿನ ತುದಿಯನ್ನು ಮಷೀನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರೆ ಓಬಳಪ್ಪ ಬೇರೆಯೇ ಮನುಷ್ಯ. ತರೀಕೆರೆಯಲ್ಲಿ ಡಿಪ್ಲೊಮಾ ಮುಗಿಸಿ ಬಂದ ಮೊದಲ ದಿನ ಅವಳು ಅದನ್ನು ಕಂಡು ನಕ್ಕಿದ್ದಳು. ಅವನೂ ನಕ್ಕಿದ್ದ. "ನಗು ಮಗಾ, ನಗು. ಡಾಕ್ಟ್ರು ಎದೆಗೆ ಕೊಳವೆ ಇಟ್ರೆ ನಗಲ್ಲ, ನಾ ಇಟ್ರೆ ನಗ್ತೀರ." ಆಮೇಲೆ ಅವನು ಪ್ರಶ್ನೆ ಕೇಳಲು ಶುರುಮಾಡಿದ. ಎರಡು ವರ್ಷ ದಿನಕ್ಕೊಂದರಂತೆ, ಹಾಲಿನ ಟ್ಯಾಂಕರು ಬರುವ ಮುಂಚಿನ ಖಾಲಿ ಹೊತ್ತಿನಲ್ಲಿ. ಪಂಪು ಕಲ್ಲು ಅಗಿದಂಗೆ ಸದ್ದು ಯಾಕೆ ಮಾಡ್ತದೆ? ಅವಳು ಪುಸ್ತಕದಲ್ಲಿ ಅದಕ್ಕಿದ್ದ ಹೆಸರು ಹೇಳಿದಳು. ಅವನು ತಲೆ ಕೊಡವಿದ. "ಆ ಹೆಸರು ನಂಗೆ ಬ್ಯಾಡ. ನೀರು ಸಾಲದೆ ಹೋದ್ರೆ ಅದು ತನ್ನ ಮೈನೇ ತಾನು ತಿಂತದೆ. ಹಸಿದೋರು ಏನ್ಮಾಡ್ತಾರೆ ಮತ್ತೆ?" ಇನ್ನೊಂದು ದಿನ ಏರ್ ಕಂಪ್ರೆಸರಿನ ತೊಟ್ಟಿಯ ತಳದ ನಲ್ಲಿ ತಿರುಗಿಸಿ ಬೆಳಗಿನ ನೀರು ಬಿಡುತ್ತ, "ಒಳಗೆ ಹೋಗಿದ್ದು ಬರೀ ಗಾಳಿ. ನೀರು ಎಲ್ಲಿಂದ ಬಂತು?" ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಹೇಳದೆ ನಿಂತಿದ್ದಳು. ಗಾಳಿಯನ್ನು ಒದ್ದೆ ಸೀರೆಯ ಹಾಗೆ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ ಎನ್ನುವುದು ಅಜ್ಜಿಯ ಕಥೆಯಿಂದ ಜಾರಿ ಬಿದ್ದ ಹಾಗಿತ್ತು. ಉತ್ತರ ಹೇಳಿದರೆ ಅದು ಮತ್ತೆ ಪುಸ್ತಕದೊಳಕ್ಕೆ ಹೋಗಿಬಿಡುತ್ತದೆ. ಓಬಳಪ್ಪ ಅವಳ ಮುಖ ನೋಡಿ, "ಏನಮ್ಮಾ, ಎಲ್ಲಿಗೋ ಹೊಂಟೋದ್ಯಲ್ಲ?" ಎಂದಿದ್ದ. ಅವಳು ಹಾಗೆ ಹೊರಟುಹೋಗುವುದನ್ನು ಮೇಷ್ಟ್ರುಗಳು, ಅಪ್ಪ, ಎಲ್ಲರೂ ಬೈದಿದ್ದರು. ಅವನೊಬ್ಬ ಮಾತ್ರ ಮರಳಿ ಬರುವವರೆಗೂ ಕಾಯುತ್ತಿದ್ದ. ಅವನಿಗೆ ಓದು ಬಾರದು, ಹತ್ತಿರದ ಸಣ್ಣ ಗೆರೆಗಳು ಕಣ್ಣಿಗೂ ಹತ್ತುತ್ತಿರಲಿಲ್ಲ. ಹಾಗಾಗಿ ಅವರಿಬ್ಬರಲ್ಲಿ ಒಂದು ಒಪ್ಪಂದವಿತ್ತು. "ಓದೋದು ನೀನು, ಕೇಳೋದು ನಾನು. ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಆಪರೇಟರು ಕಣಮ್ಮ."

ಅಜ್ಜಿ ವಿಶಾಲಾಕ್ಷಮ್ಮ ಹೇಳುತ್ತಿದ್ದುದರಲ್ಲಿ ಒಂದು ಕಥೆಗೆ ಕೊನೆಯೇ ಇರಲಿಲ್ಲ. ಒಂದೂರಿನಲ್ಲಿ ಒಂದು ದೊಡ್ಡ ಕೆರೆ. ದಿನಾ ಬೆಳಿಗ್ಗೆ ಒಬ್ಬ ಹುಡುಗಿ ಏರಿಯ ಮೇಲೆ ನಿಂತು ಎಷ್ಟು ಮೆಟ್ಟಿಲು ನೀರಿನಿಂದ ಮೇಲಿವೆ ಎಂದು ಎಣಿಸಿ ಕೂಗಿ ಹೇಳಬೇಕು. ಅವಳ ಕೂಗು ಕೇಳಿ ಊರು ತನ್ನ ದಿನವನ್ನು ಶುರುಮಾಡುತ್ತಿತ್ತು: ತೂಬು ಎತ್ತುವವರು ಎತ್ತುತ್ತಿದ್ದರು, ಬಟ್ಟೆ ಒಗೆಯುವವರು ಗಂಟು ಹೊರುತ್ತಿದ್ದರು. ಒಂದು ದಿನ ಮಂಜು ಕವಿದು ಮೆಟ್ಟಿಲೇ ಕಾಣಲಿಲ್ಲ. ಹುಡುಗಿ ನಿನ್ನೆಯ ಸಂಖ್ಯೆಯನ್ನೇ ಕೂಗಿದಳು. ಆಮೇಲೆ? ಎಂದು ಸುಮನಾ ಕೇಳುವ ಹೊತ್ತಿಗೆ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು. ಒಮ್ಮೆ ಅಲುಗಾಡಿಸಿ ಎಬ್ಬಿಸಿದ್ದಕ್ಕೆ, "ಆಮೇಲೇನು, ಏನೂ ಆಗಲಿಲ್ಲ, ಮಲಗು" ಎಂದಿದ್ದಳು. ಎಷ್ಟೋ ವರ್ಷ ಸುಮನಾ ಅದನ್ನೇ ಕಥೆಯ ಕೊನೆ ಎಂದುಕೊಂಡಿದ್ದಳು.

ಆಯುಧಪೂಜೆಯ ದಿನ ಮಷೀನುಗಳಿಗೆಲ್ಲ ಪೂಜೆ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಯಾರಾದರೂ ವಿಭೂತಿ ಹಚ್ಚಬೇಕು ಅಂದರೆ ಎಲ್ಲರೂ ಅವಳ ಕಡೆ ನೋಡುತ್ತಿದ್ದರು, ಅದು ಮನೆತನದಿಂದ ಬಂದ ಕೆಲಸವೆಂಬಂತೆ. ತೊಳೆದ ನೆಲ, ಸೇವಂತಿಗೆ, ಬಾಳೆಕಂದು. ಪಂಪಿಗೆ, ಏರ್ ಕಂಪ್ರೆಸರಿಗೆ, ಕೊಳವೆಗಳಿಗೆ ಹಚ್ಚುತ್ತ ಅವಳು ದೊಡ್ಡ ಕಂಪ್ರೆಸರಿನ ಹಿಂದಕ್ಕೆ ಹೋದಳು. ಅಲ್ಲಿ ಅದರ ಹೊಟ್ಟೆಯ ಕೆಳಗೆ, ಗೋಡೆಯ ಕಡೆಗೆ, ಬೆಳ್ಳಿ ರೂಪಾಯಿಯಗಲದ ಗಾಜಿನ ಕಿಂಡಿ. ಒಳಗಿನ ಎಣ್ಣೆ ಎಷ್ಟಿದೆ ಎಂದು ನೋಡುವುದಕ್ಕೆ. ಮೊಣಕಾಲೂರಿ ಬಗ್ಗಿದವಳಿಗೆ ಅದು ಕಿಂಡಿಯಾಗಿ ಕಾಣಲಿಲ್ಲ, ಸ್ನಾನ ಮಾಡಿಸಿದ ಮಗುವಿನ ಬೋಳು ಹಣೆಯಾಗಿ ಕಂಡಿತು. ಮೂರು ಬೆರಳಲ್ಲಿ ಒದ್ದೆ ವಿಭೂತಿಯನ್ನು ದಪ್ಪಗೆ ಎಳೆದು ನಡುವೆ ಕುಂಕುಮವಿಟ್ಟಳು. ಒಂದು ಕ್ಷಣ ಹಿಂದೆ ಸರಿದು ನೋಡಿ ಚೆಂದ ಕಂಡಿತೆಂದು ಖುಷಿಪಟ್ಟಳು. ಆ ಖುಷಿಯನ್ನು ನೆನೆದರೆ ಈಗಲೂ ಅವಳ ಕಿವಿಗಳು ಬಿಸಿಯಾಗುತ್ತವೆ. ಮಾರನೆಯ ಬೆಳಿಗ್ಗೆ ಎಣ್ಣೆ ನೋಡಲು ಬಗ್ಗಿದಾಗ ಗಾಜು ಬೆಳ್ಳಗೆ ಗಾರೆ ಹಿಡಿದಂತಿತ್ತು, ಮಷೀನಿನ ಬಿಸಿಗೆ ವಿಭೂತಿ ಒಣಗಿ ಕಚ್ಚಿಕೊಂಡಿತ್ತು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು. ಹಚ್ಚಿದ ವಿಭೂತಿ ಕೈಯಾರೆ ಒರೆಸಬಾರದು ಕಣೇ, ಅದಾಗಿ ಅದೇ ಉದುರಬೇಕು. ಅಜ್ಜಿ ಸತ್ತು ಆರು ವರ್ಷವಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಬೆರಳಿನ ಸುತ್ತು ಬಿಚ್ಚಿದಳು. ಎಣ್ಣೆ ಯಾವಾಗಲೂ ಅರ್ಧವೇ ಇರುತ್ತಿತ್ತು, ಎರಡು ವರ್ಷದಲ್ಲಿ ಒಂದು ದಿನವೂ ಕದಲಿರಲಿಲ್ಲ. ಪಾಳಿಯ ಪುಸ್ತಕದಲ್ಲಿ ಅರ್ಧ ಎಂದು ಬರೆದಳು. ಮುಂದಿನ ಪಾಳಿಯವರು ಮೇಲಿನ ಸಾಲು ನೋಡಿ ಅರ್ಧ ಎಂದು ಬರೆದರು. ಹನ್ನೊಂದು ದಿನ, ಮೂವತ್ತಕ್ಕೂ ಹೆಚ್ಚು ಅರ್ಧಗಳು, ಒಂದರ ಕೆಳಗೊಂದು, ಸೋಪಾನದ ಹಾಗೆ. ಅದರ ಹಿಂದೆ ಎಲ್ಲೋ ಒಂದು ಸೀಲು ಸವೆದು ಎಣ್ಣೆ ಹನಿಹನಿಯಾಗಿ ಕೊಳವೆಗಳೊಳಕ್ಕೆ ಹೊರಟುಹೋಗುತ್ತಿತ್ತು.

ಕೆರೆ ಏರಿಯ ತಿರುವಿನಲ್ಲಿ ಬಸ್ಸು ನಿಂತಿತು. ಈ ಸಲ ಕೆರೆ ತುಂಬಿತ್ತು, ನೀರು ಬಿಸಿಲಿಗೆ ತಗಡಿನ ಹಾಗೆ ಮಿನುಗುತ್ತಿತ್ತು. ಅವಳು ಆ ಕಡೆ ನೋಡದೆ ಇಳಿದಳು. ಓಬಳಪ್ಪನ ಮನೆ ಕೇಳಬೇಕಾಗಲಿಲ್ಲ. ಎರಡನೆಯ ಓಣಿಯಿಂದ ನೀರೆತ್ತುವ ಮೋಟರೊಂದು ಕೀರುತ್ತಿತ್ತು, ಕತ್ತು ಹಿಚುಕಿಸಿಕೊಂಡ ಪ್ರಾಣಿಯ ಹಾಗೆ. ಅಂಥ ಸದ್ದು ಓಬಳಪ್ಪ ಇರುವ ಓಣಿಯಿಂದ ಬರುವುದು ಸಾಧ್ಯವೇ ಇಲ್ಲ, ಬೇರೆ ಮನೆ ಇರಬೇಕು ಎಂದುಕೊಂಡಳು. ಆದರೆ ಮೋಟರಿನ ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದವಳು ಅವನ ಹೆಂಡತಿ ಹುಲಿಗೆಮ್ಮ.

"ಬಾರವ್ವ, ಬಾ. ಈಗ ನೆಪ್ಪಾಯ್ತಾ ನಮ್ಮನೆ?" ಎಂದಳು ಹುಲಿಗೆಮ್ಮ, ಮೋಟರಿನ ಸದ್ದಿಗಿಂತ ಮೇಲೆ ದನಿಯೆತ್ತಿ. ಸೇಬುಗಳನ್ನು ಮಾತಿಲ್ಲದೆ ಮಡಿಲಿಗೆ ಹಾಕಿಕೊಂಡಳು. "ಕೇಳ್ತಾ ಐತಾ ಇದರ ಗೋಳು? ಹದಿನೈದು ದಿನ ಆಯ್ತು. ನೋಡೋ ಮಾರಾಯ, ಏನಾಗೈತೆ ಹೇಳು ಅಂದ್ರೆ, ನಂಗೆ ಗೊತ್ತಾಗಲ್ಲ ಅಂತಾನೆ. ಊರ ಮಷೀನಿಗೆಲ್ಲ ಮದ್ದು ಹೇಳೋನು! ನನ್ನ ಕಿವಿ ಹೋಗೈತೆ ಕಣೇ, ಬೇರೆ ಯಾರನ್ನಾರ ಕರಿ ಅಂತಾನೆ. ಕಿವೀಗೇನಾಗೈತೆ? ನಾ ಅಡಿಗೆಮನೇಲಿ ಬೈದ್ರೆ ಜಗಲೀಲಿ ಕೇಳಿಸ್ತದೆ." ಆಮೇಲೆ ಹತ್ತಿರ ಬಂದು ದನಿ ಇಳಿಸಿ, "ಆ ಪೇಪರು ತಂದಿದೀಯಂತಲ್ಲವ್ವ, ಫೋನ್ ಮಾಡಿದ್ರು. ಅದು ಹೋದ್ರೆ ಕಣ್ಣಿನ ಆಪರೇಷನ್ ಕಂಪನಿಯೋರೇ ಮಾಡಿಸ್ತಾರಂತಾ?"

ಸುಮನಾ ಬಾಯಿ ತೆರೆದಳು. ಕಾಗದ ಹೋದರೆ ಆಪರೇಟರಿನ ಅಜಾಗರೂಕತೆ ಎಂದು ತೀರ್ಮಾನವಾಗುತ್ತದೆ, ಹಾಗಾದರೆ ಕಣ್ಣಿನ ಖರ್ಚು ಓಬಳಪ್ಪನದೇ ಹೊಣೆ. ಇದನ್ನು ವಿಶ್ವನಾಥ್ ನಯವಾಗಿ ತಿಳಿಸಿಹೇಳಿದ್ದರು, ಇಂಗ್ಲಿಷಿನಲ್ಲಿ ಅದು ಇನ್ನೂ ನಯವಾಗಿತ್ತು. "ಓಬಳಪ್ಪಣ್ಣ ಒಳಗಿದಾರಾ?" ಎಂದಳು.

ಅವನು ನಡುಮನೆಯ ಕಿಟಕಿಗೆ ಬೆನ್ನು ಹಾಕಿ ಚಾಪೆಯ ಮೇಲೆ ಕೂತಿದ್ದ. ಕಪ್ಪು ಕನ್ನಡಕ ಹಾಕಿದ್ದ, ಜಾತ್ರೆಯಲ್ಲಿ ಕೊಂಡ ಹುಡುಗನ ಕನ್ನಡಕದ ಹಾಗೆ ಅದು ಅವನ ಮುಖಕ್ಕೆ ಸಣ್ಣದಾಗಿತ್ತು. "ಮಗಾ?" ಎಂದ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಿದ್ದ. ಕಿವಿ ಹೋಗಿದೆ ಎನ್ನುವವನು. ಅವಳು ಎದುರಿಗೆ ಕೂತಳು. ಕನ್ನಡಕದೊಳಗೆ ಅವಳದೇ ಎರಡು ಸಣ್ಣ ಮುಖಗಳು ಕಾಣುತ್ತಿದ್ದವು. ಅವನು ಊಟ ಆಯಿತೇ ಎಂದು ಕೇಳಿದ, ಟ್ಯಾಂಕರು ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದ, ಹೊಸ ಮಷೀನು ಬಂತಂತಲ್ಲ, ಅದರ ಉಸಿರು ಹೆಂಗಿದೆ ಎಂದು ಕೇಳಿದ. ಅವಳು ಚೆನ್ನಾಗಿದೆ ಎಂದಳು. ಹೊಸ ಮಷೀನಿಗೆ ಯಾರೂ ಕಿವಿಗೊಡುವುದಿಲ್ಲ ಎಂದು ಹೇಳಬೇಕೆನಿಸಿತು. ನೋವು ಹೇಗಿದೆ ಎಂದು ತಾನು ಇನ್ನೂ ಕೇಳಿಲ್ಲವೆಂಬುದು ಥಟ್ಟನೆ ನೆನಪಾಗಿ, ಈಗ ಕೇಳಿದರೆ ತಡವಾಯಿತೆಂಬುದು ಎದ್ದು ಕಾಣುತ್ತದೆಂದು ಬ್ಯಾಗಿನಿಂದ ಫೈಲು ತೆಗೆದಳು.

"ಎಲ್ಲಿ ಕೊಡು ನಿನ್ನ ಪೇಪರು. ವಿಶ್ವನಾಥಪ್ನೋರಿಗೆ ಅವಸರವಂತೆ" ಎಂದು ಅವನೇ ಬಲಗೈ ಚಾಚಿದ.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಅವನ ಹೆಬ್ಬೆರಳನ್ನು ಹಿಡಿದು ನೇರಳೆ ಬಣ್ಣದ ಮೆತ್ತೆಗೆ ಒತ್ತಿದಳು. ಎಣ್ಣೆ, ಕಬ್ಬಿಣ ತಿಕ್ಕಿತಿಕ್ಕಿ ಆ ಬೆರಳಿನ ಗೆರೆಗಳು ಸವೆದುಹೋಗಿದ್ದವು, ಗುರುತು ಮೂಡುತ್ತದೋ ಇಲ್ಲವೋ. ಕಾಗದವನ್ನು ಮೊಣಕಾಲ ಮೇಲಿಟ್ಟು ಅವನ ಕೈಯನ್ನು ಅದರ ಕಡೆ ತಂದಳು. ಏಳನೆಯ ಜಾಗ ಇನ್ನೂ ಖಾಲಿ. ಮೊದಲು ಹೆಬ್ಬೆಟ್ಟು, ಆಮೇಲೆ ಹೆಸರು, ಬಸ್ಸಿನಲ್ಲಿ ಬರೆದರಾಯಿತು. ತನ್ನ ಮನಸ್ಸು ಇಷ್ಟು ಅಚ್ಚುಕಟ್ಟಾಗಿ ಯೋಚಿಸುತ್ತಿರುವುದನ್ನು ಅವಳು ಪಕ್ಕದಲ್ಲಿ ನಿಂತು ನೋಡುವವಳಂತೆ ನೋಡಿದಳು.

ಅವನ ಕೈ ಗಾಳಿಯಲ್ಲೇ ನಿಂತಿತು.

"ಒಂದು ಮಾತು ಮಗಾ. ನೀನು ಓದಿದೋಳು, ನಿಂಗೆ ತಿಳಿದಿರ್ತದೆ. ಐದು ವಾರದಿಂದ ಇದೇ ತಲೇಲಿ ತಿರುಗ್ತಾ ಐತೆ. ಅವತ್ತು ನಂಗೆ ಕೇಳಿಸ್ತು. ಒಣಗಿದ ಗಂಟಲಲ್ಲಿ ಉಸಿರಾಡಿದಂಗೆ. ನಲವತ್ತು ವರ್ಷ ಆಯ್ತು, ಅಂಥ ಸದ್ದು ಬಂದ್ರೆ ಆಯಿಲ್ ಇಲ್ಲ ಅಂತ ಕಣ್ಮುಚ್ಕೊಂಡು ಹೇಳ್ತಿದ್ದೆ. ನಿನ್ನ ಕಳಿಸ್ದೆ. ನೀನು ಅರ್ಧ ಐತೆ ಅಂದೆ. ಮುಕ್ಕಾಲು ಗಂಟೆಗೆ ಮಷೀನು ಬಿಗಿ ಹಿಡ್ಕೊಂಡು ಮುರೀತು." ಅವನು ಕತ್ತು ವಾಲಿಸಿದ, ಅವಳ ಉತ್ತರ ಕಿವಿಯ ಕಡೆಯಿಂದ ಬರುತ್ತದೆಂಬಂತೆ. "ಅರ್ಧ ಆಯಿಲ್ ಇದ್ದ ಮಷೀನು ಹೆಂಗೆ ಹಿಡ್ಕೊಂತದೆ? ಹೇಳು. ಯಾರನ್ನ ಕೇಳಿದ್ರೂ ವಯಸ್ಸಾಯ್ತು ಬಿಡು ಓಬಳಪ್ಪ ಅಂತಾರೆ. ಆಯಿಲ್ ಇದ್ರೆ ಆ ಸದ್ದು ಬರಬಾರದು. ಸದ್ದು ಬಂದಿದ್ದು ಬರೀ ನನ್ನ ಕಿವೀಲಿ ಅಂದ್ರೆ, ಹಿಂದೆ ನಾ ಕೇಳಿದ್ದೆಲ್ಲಾ ಏನು? ಎಷ್ಟು ಮಷೀನು ಬಿಚ್ಚಿಸಿದೀನಿ ಇದೇ ಕಿವಿ ನಂಬ್ಕೊಂಡು. ಎಲ್ಲಾ ಸುಳ್ಳಾ?"

ಹೊರಗೆ ಮೋಟರು ಕೀರುತ್ತಲೇ ಇತ್ತು. ಈ ಪ್ರಶ್ನೆ ಹನ್ನೊಂದರಲ್ಲಿ ಇರಲಿಲ್ಲ. ಮಷೀನು ಬಿಚ್ಚಿದಾಗ ಒಳಗೆ ಎಣ್ಣೆಯೇ ಇರಲಿಲ್ಲ, ಬೇರಿಂಗು ಸುಟ್ಟು ನೀಲಿಯಾಗಿತ್ತು. ಅದನ್ನು ಎಲ್ಲರೂ ನೋಡಿದ್ದರು. ಈ ಒಬ್ಬನಿಗೆ ಯಾರೂ ಹೇಳಿರಲಿಲ್ಲ. ಅವನು ತನ್ನ ಕಣ್ಣಿಗಾಗಿ ಅಳುತ್ತಿರಬಹುದು, ಕೆಲಸಕ್ಕಾಗಿ ಅಳುತ್ತಿರಬಹುದು ಎಂದುಕೊಂಡು ಅವಳು ಐದು ವಾರ ಹಾಸಿಗೆಯಲ್ಲಿ ಹೊರಳಿದ್ದಳು. ಅವನು ಅಳುತ್ತಿದ್ದುದು ಒಂದು ಲೆಕ್ಕ ತಾಳೆಯಾಗದ್ದಕ್ಕೆ. ಉತ್ತರ ಅವಳ ಬಾಯಲ್ಲಿತ್ತು, ನಾಲ್ಕು ಮಾತಿನದು. ಒಂದು ಸುಳ್ಳೂ ಅಷ್ಟೇ ಹತ್ತಿರದಲ್ಲಿತ್ತು: ಒಮ್ಮೊಮ್ಮೆ ಹಾಗೂ ಆಗುತ್ತದೆ ಓಬಳಪ್ಪಣ್ಣ, ಬೇರಿಂಗಿನ ಲೋಹವೇ ಕಳಪೆಯಾಗಿರುತ್ತದೆ. ಅವನು ನಂಬುತ್ತಿದ್ದ. ಅವಳು ಅರ್ಧ ಎಂದಾಗ ನಂಬಿದ ಹಾಗೆ.

"ಆಯಿಲ್ ಅರ್ಧ ಇರಲಿಲ್ಲ ಓಬಳಪ್ಪಣ್ಣ" ಎಂದಳು. "ಇರಲೇ ಇಲ್ಲ. ಗಾಜಿನ ಮೇಲೆ ವಿಭೂತಿ ಇತ್ತು. ಹಬ್ಬದ ದಿನ ನಾನೇ ಹಚ್ಚಿದ್ದು. ಒರೆಸಲಿಲ್ಲ. ಹನ್ನೊಂದು ದಿನ ನೋಡದೇ ಬರೆದೆ."

ಅವನು ವಾಲಿಸಿದ್ದ ಕತ್ತನ್ನು ನೆಟ್ಟಗೆ ಮಾಡಿದ. ಆಮೇಲೆ ಅವನ ಮುಖದಲ್ಲಿ ಅವಳು ಕಾಣಬಹುದೆಂದು ಎಣಿಸಿರದ ಒಂದು ಬೆಳಕು ಹರಡಿತು, ಬಾಯಿ ತೆರೆಯಿತು, ಹಲ್ಲಿಲ್ಲದ ಒಸಡು ಕಂಡಿತು. ನಗುತ್ತಿದ್ದ. "ಆಯಿಲ್ ಇರಲಿಲ್ಲ!" ಎಂದ. "ಲೇ ಹುಲಿಗೆವ್ವಾ, ಆಯಿಲ್ಲೇ ಇರಲಿಲ್ವಂತೆ ಕಣೇ! ನಾ ಹೇಳಲಿಲ್ವಾ? ಒಣ ಗಂಟಲು ಅಂತ ಹೇಳಲಿಲ್ವಾ ನಿಂಗೆ?" ಹುಲಿಗೆಮ್ಮ ಬಿಂದಿಗೆ ಹಿಡಿದೇ ಬಾಗಿಲಿಗೆ ಬಂದು ನಿಂತಳು. ಅವನು ಎಡಗೈಯಿಂದ ತೊಡೆ ತಟ್ಟಿಕೊಂಡ, ನೇರಳೆ ಹೆಬ್ಬೆರಳನ್ನು ಮಾತ್ರ ಎತ್ತಿ ಹಿಡಿದೇ ಇದ್ದ. ಅವನ ನಗು ಸುಮನಾಳ ತುಟಿಗೂ ಅಂಟಿಕೊಳ್ಳಲು ಬಂತು. ಇಷ್ಟೇ ಆಗಿದ್ದರೆ, ಇಲ್ಲಿಗೇ ಅಜ್ಜಿಗೆ ನಿದ್ದೆ ಬಂದುಬಿಟ್ಟಿದ್ದರೆ.

"ಮತ್ತೆ" ಎಂದ ಅವನು, ನಗು ಇನ್ನೂ ಮುಖದ ಮೇಲಿರುವಾಗಲೇ, "ನಾ ಕಳಿಸ್ದಾಗ ನೀನು ಹೋದೆಯಲ್ಲ. ಮಷೀನಿನ ಹಿಂದಕ್ಕೆ ಹೋಗಿದ್ದು ಕಂಡೆ. ಬಗ್ಗಿದ್ದು ಕಂಡೆ."

ಅವಳು ಈ ಪ್ರಶ್ನೆಗಾಗಿಯೇ ಐದು ವಾರ ತಪ್ಪಿಸಿಕೊಂಡಿದ್ದಳೆಂದು ಆಗ ಅವಳಿಗೆ ತಿಳಿಯಿತು. ಹಿಂದಿನ ಹತ್ತು ದಿನಗಳಿಗೆ ಮರೆವು, ಸೋಮಾರಿತನ, ಅಜ್ಜಿಯ ಮಾತು, ಏನಾದರೂ ಹೇಳಬಹುದಿತ್ತು. ಅವತ್ತು ಮಧ್ಯಾಹ್ನದ್ದಕ್ಕೆ ಯಾವ ಹೆಸರೂ ಇಲ್ಲ. ಅವಳು ಏನನ್ನೋ ಯೋಚಿಸುತ್ತ ಕಿಟಕಿಯ ಬಳಿ ನಿಂತಿದ್ದಳು. ಏನೆಂಬುದು ಎಷ್ಟು ನೆನೆದರೂ ಬರುವುದಿಲ್ಲ, ಬಹುಶಃ ಏನೂ ಅಲ್ಲ, ಒಂದು ಮೋಡ. ಕರೆದಾಗ ಬೇಸರವಾಯಿತು. ನಡೆದು ಹೋದಳು, ಮೊಣಕಾಲು ಬಾಗಿಸಿದಳು, ಬಿಳಿಯ ಗಾಜನ್ನು ನೋಡಿದಳು, ಒಬ್ಬರು ನೋಡಲು ಹಿಡಿಯುವಷ್ಟು ಹೊತ್ತು ಹಾಗೆಯೇ ಇದ್ದಳು. ಎದ್ದು ಬಂದು ಅರ್ಧ ಎಂದಳು. ಓಬಳಪ್ಪ ಕಿವಿಯಿಂದ ಸ್ಕ್ರೂ ಡ್ರೈವರು ತೆಗೆದು ಅದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದ್ದ. "ಹಂಗಾದ್ರೆ ನನ್ನ ಕಿವೀಗೇ ವಯಸ್ಸಾಯ್ತು ಬಿಡು" ಎಂದು ನಕ್ಕಿದ್ದ. ಅವಳೂ ಜೊತೆಗೆ ನಕ್ಕಿದ್ದಳು.

"ಬಗ್ಗಿದೆ" ಎಂದಳು. "ನೋಡಲಿಲ್ಲ. ನೋಡಿದ ಹಂಗೆ ಮಾಡಿದೆ."

ಅವನ ಮುಖದ ಬೆಳಕು ಒಮ್ಮೆಲೇ ಆರಲಿಲ್ಲ. ಮಷೀನು ನಿಲ್ಲಿಸಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುವ ಹಾಗೆ ನಗು ತನ್ನಷ್ಟಕ್ಕೆ ತಾನು ನಿಧಾನವಾಗಿ ನಿಂತಿತು. ಬೈಯುತ್ತಾನೆ ಎಂದು ಕಾದಳು. ಬಾಗಿಲಲ್ಲಿದ್ದ ಹುಲಿಗೆಮ್ಮ ಬಿಂದಿಗೆಯನ್ನು ನೆಲಕ್ಕಿಟ್ಟಳು, ನೀರು ತುಳುಕಿ ಹೊಸ್ತಿಲ ಒಳಕ್ಕೆ ಹರಿಯಿತು. "ಅಯ್ಯೋ ನಿನ್ನ ಕೈ ಸೇದಿಹೋಗ" ಎಂದಳು ಮೆಲ್ಲಗೆ. ಅದರಲ್ಲಿ ಸಿಟ್ಟು ಸಾಲದೆ ಮತ್ತೊಮ್ಮೆ ಹೇಳಲು ಹೊರಟು ನಿಲ್ಲಿಸಿದಳು.

"ಆ ಮಾತು ಬ್ಯಾಡ" ಎಂದ ಓಬಳಪ್ಪ. "ಮನೆಗೆ ಬಂದೋರಿಗೆ ಹಂಗನ್ನಬಾರದು."

ಮನೆಗೆ ಬಂದವರು. ಸುಮನಾ ಕಾಗದವನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿದಳು. ಒಳಗೆ ಕೈಗೆ ಮರದ ಹಿಡಿ ತಗುಲಿತು. ಅದನ್ನು ತೆಗೆದು ಅವನ ಮುಂದಿಟ್ಟಳು. "ನಿಮ್ದು" ಎಂದಳು. ಅದಕ್ಕಿಂತ ಹೆಚ್ಚಿಗೆ ಏನಾದರೂ ಹೇಳಿದರೆ ಅದು ಬೇಡುವುದಾಗುತ್ತಿತ್ತು. ಅವನು ತಡಕಿ ಎತ್ತಿಕೊಂಡ. ತುದಿಯನ್ನು ಅಂಗೈಗೆ ಒತ್ತಿ ನೋಡಿದ, ಹಿಡಿಯನ್ನು ಬಿಗಿಯಾಗಿ ಹಿಡಿದ. ಮರದ ಮೇಲೆ ಅವನ ಹೆಬ್ಬೆರಳಿನ ನೇರಳೆ ಗುರುತು ಬಿತ್ತು. ಗೆರೆಗಳೆಲ್ಲ ಸವೆದು ಬರೀ ಒಂದು ಬಣ್ಣದ ಕಲೆ. ಅವನಿಗೆ ಅದು ಕಾಣಲಿಲ್ಲ. ಗೋಡೆ ಹಿಡಿದು ಎದ್ದ. ಹುಲಿಗೆಮ್ಮ ಕೈ ಕೊಡಲು ಬಂದರೆ ಬೇಡವೆಂದ. ಅಂಗಳಕ್ಕೆ ಇಳಿದು, ಸದ್ದಿನ ದಿಕ್ಕಿಗೆ ಹೆಜ್ಜೆ ಹಾಕುತ್ತ ಮೋಟರಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ತುದಿಯನ್ನು ಅದರ ಮೈಗೊತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡ. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿದನೇನೋ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನ ಬೆನ್ನು ಮಷೀನ್ ರೂಮಿನಲ್ಲಿ ಎರಡು ವರ್ಷ ನೋಡಿದ್ದ ಬೆನ್ನೇ ಆಗಿತ್ತು, ಯಾರ ಮಾತೂ ಬೇಕಿಲ್ಲದ ಬೆನ್ನು. ತುದಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಮತ್ತೆ ಕೇಳಿದ.

"ಬೇರಿಂಗು" ಎಂದ ಹೆಂಡತಿಗೆ. "ಹಿಂದಲದು. ಮುಂದಲದು ಚೆನ್ನಾಗೈತೆ."

"ಖಂಡಿತವಾ?"

"ನನ್ನ ಕೇಳ್ತೀಯೇನೇ?"

"ನಾ ಬತ್ತೀನಿ ಓಬಳಪ್ಪಣ್ಣ" ಎಂದಳು ಸುಮನಾ. ಮೋಟರಿನ ಕೀರಲಿನಲ್ಲಿ ಅದು ಕೇಳಿಸದೇ ಹೋಗಿರಬಹುದು. ಅವನಿಗೆ ಕೇಳಿಸಿರಲಾರದು ಎಂದು ಅವಳು ನಂಬಬಹುದಿತ್ತು, ಹೆಜ್ಜೆಯ ಸದ್ದಿನಲ್ಲೇ ಅವಳನ್ನು ಗುರುತು ಹಿಡಿಯುವ ಆ ಕಿವಿಗೆ. ಅವನು ತಿರುಗಲಿಲ್ಲ. ಕಿವಿಯನ್ನು ಹಿಡಿಗೆ ಇನ್ನಷ್ಟು ಒತ್ತಿಕೊಂಡ.

ಬಸ್ ನಿಲ್ಲುವಲ್ಲಿ ಒಂದು ಕಲ್ಲುಬೆಂಚು, ಎದುರಿಗೆ ಕೆರೆ. ಅವಳು ಈಗ ಅದನ್ನು ನೋಡಿದಳು. ಏರಿಯಿಂದ ನೀರಿಗಿಳಿಯುವ ಕಲ್ಲುಗಳು ಕೆಲವು ಮೇಲಿದ್ದವು, ಉಳಿದವು ನೀರೊಳಗೆ ಹಸಿರಾಗಿ ಅಲುಗುತ್ತಿದ್ದವು. ಓಣಿಯಿಂದ ಮೋಟರಿನ ಕೀರಲು ಇಲ್ಲಿಗೂ ಬರುತ್ತಿತ್ತು. ನಾಳೆಯಿಂದ ಘಟಕದ ಗೇಟಿನೊಳಗೆ ತನ್ನನ್ನು ಬಿಡುತ್ತಾರೋ ಇಲ್ಲವೋ. ಅಪ್ಪನಿಗೆ ವಿಶ್ವನಾಥರ ಫೋನು ಹೋಗುತ್ತದೆ, ಒಂದೇ ತಟ್ಟೆಯಲ್ಲಿ ಉಂಡ ಮಾತು ಮತ್ತೆ ಬರುತ್ತದೆ. ಹುಲಿಗೆಮ್ಮನ ಮಡಿಲಿಗೆ ಬಿದ್ದ ನಾಲ್ಕು ಸೇಬುಗಳು ಏನಾದವೋ, ತಿಪ್ಪೆಗೆ ಎಸೆದಿರಬಹುದು, ಎಸೆಯಲಿ. ಅವಳು ಕಾಗದ ಬಿಡಿಸಿ ಮೊಣಕಾಲ ಮೇಲೆ ಹರವಿದಳು. ಮಡಿಕೆಯ ಗೆರೆ ಸರಿಯಾಗಿ ಏಳನೆಯ ಪ್ರಶ್ನೆಯ ಮೇಲೆ ಹಾದಿತ್ತು. ಪೆನ್ನು ತೆಗೆದು ಮೊದಲು ಸ್ವಿಚ್ಚಿನ ಮುಂದಿದ್ದ 'ಇತ್ತು' ಎಂಬುದನ್ನು ಹೊಡೆದುಹಾಕಿದಳು. ಎಳೆದ ಗೆರೆ ವಿಶ್ವನಾಥರ ಅಡಿಗೆರೆಯನ್ನೂ ದಾಟಿ ಅಂಚಿನವರೆಗೆ ಹೋಯಿತು.

ಅಷ್ಟರಲ್ಲಿ ಕೀರಲು ನಿಂತಿತು.

ಊರು ಒಮ್ಮೆಲೇ ಅಗಲವಾಯಿತು. ಎಲ್ಲೋ ಎಮ್ಮೆಯ ಕೊರಳ ಗಂಟೆ, ಯಾರೋ ಯಾರನ್ನೋ ಕರೆದದ್ದು, ನೀರು ಕಲ್ಲಿಗೆ ಬಡಿಯುವುದು, ಇಷ್ಟು ಹೊತ್ತೂ ಇದ್ದವೆಲ್ಲ ಒಂದೊಂದಾಗಿ ಕೇಳಿಸತೊಡಗಿದವು. ಓಬಳಪ್ಪ ಸ್ವಿಚ್ಚು ಆರಿಸಿದ್ದಾನೆ. ಬೇರಿಂಗು ಹೋದ ಮೋಟರನ್ನು ಓಡಿಸಬಾರದು, ಕೇಳಿಸಿದ ತಕ್ಷಣ ನಿಲ್ಲಿಸಬೇಕು. ಅದನ್ನು ಅವಳಿಗೆ ಕಲಿಸಿದ್ದವನೇ ಅವನು. ಅವತ್ತು ಅವನ ಕೈ ಹಾಗೆ ಸ್ವಿಚ್ಚಿನ ಕಡೆ ಹೋಗುವುದರಲ್ಲಿತ್ತು.

ಏಳನೆಯ ಪ್ರಶ್ನೆಯ ಮುಂದೆ ಅವಳು ಬರೆದಳು: ಯಾರೂ ನೋಡಲಿಲ್ಲ. ನೋಡಿದೆ ಎಂದು ಹೇಳಿದವಳು ನಾನು. ಕೆಳಗೆ ಹೆಸರು ಬರೆದಳು. ಜಾಗ ಸಾಕಾಯಿತು, ಇನ್ನೂ ಸ್ವಲ್ಪ ಉಳಿಯಿತು. ಬಸ್ಸು ಬರುವವರೆಗೂ ಆ ಮೋಟರು ಮತ್ತೆ ಶುರುವಾಗುತ್ತದೇನೋ ಎಂದು ಓಣಿಯ ಕಡೆ ಕಿವಿಯಿಟ್ಟು ಕೂತಿದ್ದಳು. ಆಗಲಿಲ್ಲ.